ಸಂಬಳ ಕೇಳುವುದಕ್ಕೆ ನಾಚಿಕೆ ಏಕೆ?

(ದಾಬಸ್‌ಪೇಟೆಯಲ್ಲಿ ನಡೆದ ಯುವಕರ ಸಭೆಯಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಓದಿದ್ದು ಪಿಯುಸಿ. ನಿಮ್ಮಲ್ಲಿ ಬಹಳ ಜನ ಬಿ.ಇ. ಮಾಡಿದವರು, ಡಿಪ್ಲೊಮಾ ಮಾಡಿದವರು. ಇಂಜಿನಿಯರುಗಳಿಗೆ ಸಂಬಳದ ಪಾಠ ಹೇಳಲು ಪ್ರೆಸ್ಸಿನವನು ಬಂದು ನಿಂತಿದ್ದಾನಲ್ಲ ಎಂದು ನಗಬೇಡಿ. ನನಗಿರುವ ಅರ್ಹತೆ ಇಷ್ಟೇ: ನಾನು ತಿಂಗಳಾದರೆ ಸಂಬಳ ಕೊಡುವವನು, ಬೆಳಗಾದರೆ ರೇಟು ಹೇಳಿ ಬದುಕುವವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು, ಜಾತ್ರೆ ಪೋಸ್ಟರು, ಯಾವುದೇ ಇರಲಿ, ಎದುರಿಗೆ ನಿಂತ ಗಿರಾಕಿಗೆ ಬೆಲೆ ಹೇಳದೆ ನನ್ನ ಮಷೀನು ಒಂದು ಸುತ್ತೂ ತಿರುಗುವುದಿಲ್ಲ.

ನಮ್ಮ ದಾಬಸ್‌ಪೇಟೆ ಹಿಂದೆ ಏನಾಗಿತ್ತು? ಶಿವಗಂಗೆಗೆ ಹೋಗುವವರು ಬಸ್ಸಿಳಿದು ಟೀ ಕುಡಿಯುವ ಊರು. ಈಗ ಸೋಂಪುರ ಕೈಗಾರಿಕಾ ಪ್ರದೇಶದ ಬಾಗಿಲು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳನ್ನು ಕೆಐಎಡಿಬಿ ತೆಗೆದುಕೊಂಡಿತು, ಕಾರ್ಖಾನೆಗಳು ಎದ್ದವು. ಆ ಹೊಲದ ಪರಿಹಾರದ ಹಣದಲ್ಲಿ ಮಗನನ್ನು ಇಂಜಿನಿಯರಿಂಗ್ ಓದಿಸಿದ ಅಪ್ಪಂದಿರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊಲ ಹೋಯಿತು, ಅದರ ಬದಲಿಗೆ ಬಂದದ್ದು ನಿಮ್ಮ ಡಿಗ್ರಿ. ಆದ್ದರಿಂದ ಆ ಡಿಗ್ರಿಗೆ, ಆ ಕೈಚಳಕಕ್ಕೆ ಎಷ್ಟು ಬೆಲೆ ಸಿಗುತ್ತದೆ ಎನ್ನುವುದು ನಿಮ್ಮೊಬ್ಬರ ವಿಷಯ ಅಲ್ಲ, ಮನೆಯ ವಿಷಯ.

ನನ್ನ ಅಂಗಡಿಗೆ ಬಯೋಡೇಟಾ ಟೈಪ್ ಮಾಡಿಸಲು, ಪ್ರಿಂಟು ತೆಗೆಸಲು ಹುಡುಗರು ಬರುತ್ತಾರೆ. ಹತ್ತರಲ್ಲಿ ಎಂಟು ಬಯೋಡೇಟಾದ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ಈಗಿನ ಸಂಬಳ ಇಷ್ಟು. ನಿರೀಕ್ಷಿಸುವ ಸಂಬಳ? 'ಆಸ್ ಪರ್ ಕಂಪೆನಿ ನಾರ್ಮ್ಸ್'. ಅಂದರೆ, ಒಡೆಯರೇ, ನೀವು ಕೊಟ್ಟಷ್ಟು! ನಾನು ಲಗ್ನಪತ್ರಿಕೆಯ ಕೊಟೇಶನ್ನಿನಲ್ಲಿ 'ಬೆಲೆ: ಗಿರಾಕಿಯ ಇಚ್ಛೆಯಂತೆ' ಎಂದು ಬರೆದರೆ ಏನಾಗುತ್ತದೆ? ಮೂರು ತಿಂಗಳಲ್ಲಿ ಷಟರ್ ಎಳೆಯಬೇಕಾಗುತ್ತದೆ. ಗಿರಾಕಿ ಕೆಟ್ಟವನು ಅಂತಲ್ಲ. ಕೇಳದ ದುಡ್ಡನ್ನು ಯಾರೂ ಮನೆ ಬಾಗಿಲಿಗೆ ತಂದು ಕೊಡುವುದಿಲ್ಲ, ಅಷ್ಟೇ.

ಈಗ ಮಾಲೀಕರ ಕಡೆಯ ಗುಟ್ಟನ್ನು ಹೇಳುತ್ತೇನೆ ಕೇಳಿ. ಒಳಗಿರುವ ಮನುಷ್ಯನ ಸಂಬಳವನ್ನು ಮಾಲೀಕ ಹೇಗೆ ಲೆಕ್ಕ ಹಾಕುತ್ತಾನೆ? ಹೋದ ವರ್ಷ ಎಷ್ಟಿತ್ತು, ಅದಕ್ಕೆ ಎಂಟೋ ಹತ್ತೋ ಪರ್ಸೆಂಟು ಸೇರಿಸು. ಹೊರಗಿನಿಂದ ಬರುವವನ ಸಂಬಳವನ್ನು? ಆ ಕೆಲಸಕ್ಕೆ ಇವತ್ತು ಪೇಟೆಯಲ್ಲಿ ಏನು ನಡೆಯುತ್ತಿದೆ, ಅದನ್ನು ಕೊಡು, ಇಲ್ಲದಿದ್ದರೆ ಅವನು ಬರುವುದಿಲ್ಲ. ಒಂದೇ ಕೆಲಸ, ಲೆಕ್ಕ ಎರಡು. ಆಫ್‌ಸೆಟ್ ಮಷೀನು ಓಡಿಸುವ ಒಬ್ಬ ಒಳ್ಳೆಯ ಆಪರೇಟರು ಬಿಟ್ಟು ಹೋದರೆ, ಅವನ ಜಾಗಕ್ಕೆ ಬರುವವನು ಹಳಬನಿಗಿಂತ ಹೆಚ್ಚು ಕೇಳಿಯೇ ಬರುತ್ತಾನೆ, ನಾವು ಕೊಟ್ಟೇ ಕೊಡುತ್ತೇವೆ. ನಾಲ್ಕು ಜನರ ಪ್ರೆಸ್ಸಿನಲ್ಲೂ ಇದೇ, ನಾಲ್ಕು ಲಕ್ಷ ಜನರ ಕಂಪೆನಿಯಲ್ಲೂ ಇದೇ. ಕೆಲಸ ಬದಲಿಸುವಾಗಲೇ ಸಂಬಳ ನೆಗೆಯುವುದು ಈ ಕಾರಣಕ್ಕೆ.

ಇದು ಹೊಸ ವಿಷಯವೂ ಅಲ್ಲ. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಕೆಲಸ ಅಂದರೆ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್. ಒಳಗೆ ಸೇರಿದವನು ನಿವೃತ್ತಿಗೇ ಹೊರಬರುತ್ತಿದ್ದ. ಅಲ್ಲಿ ಸಂಬಳವನ್ನು ಒಬ್ಬೊಬ್ಬರಾಗಿ ಕೇಳುವ ಪದ್ಧತಿ ಇರಲಿಲ್ಲ, ಎಲ್ಲರೂ ಸೇರಿ ಕೇಳಬೇಕಿತ್ತು. 1980ರ ಡಿಸೆಂಬರಿನಲ್ಲಿ ಕೇಳಿಯೂ ಕೇಳಿದರು. ಬಿಎಚ್‌ಇಎಲ್‌ನವರಿಗೆ ಸಿಗುವ ವೇತನ ನಮಗೂ ಬೇಕು ಎಂದು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಹೂಡಿದ ಮುಷ್ಕರ 77 ದಿನ ನಡೆದು 1981ರ ಮಾರ್ಚಿನಲ್ಲಿ ಮುಗಿಯಿತು. ಅದಾದ ಮರುವರ್ಷವೇ ಗೋಕಾಕ್ ಚಳವಳಿ. ಆ ಕಾರ್ಖಾನೆಗಳ ಎಷ್ಟೋ ಕನ್ನಡ ಸಂಘಗಳವರು ಅದರಲ್ಲೂ ಬೀದಿಗಿಳಿದರು ಎನ್ನುವುದು ಈ ಪತ್ರಿಕೆ ಓದುವವರಿಗೆ ಗೊತ್ತಿರುವ ಸಂಗತಿ. ನಾನು ಹೇಳಬೇಕೆಂದಿರುವುದು ಬೇರೆ. ಆ ಮುಷ್ಕರದ ತಿರುಳು ಏನು? ಪಕ್ಕದವನಿಗೆ ಎಷ್ಟು ಸಿಗುತ್ತದೆ ಎಂದು ತಿಳಿದುಕೊಂಡದ್ದು. ತಿಳಿಯದೆ ಹೋಗಿದ್ದರೆ ಕೇಳುವುದಕ್ಕೆ ಬಾಯಿಯೇ ಬರುತ್ತಿರಲಿಲ್ಲ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇನ್ಫೋಸಿಸ್ 1983ರಲ್ಲೇ ಪುಣೆಯಿಂದ ಇಲ್ಲಿಗೆ ಬಂದಿತ್ತು. ತೊಂಬತ್ತರ ದಶಕದ ಹೊತ್ತಿಗೆ ಇಂಜಿನಿಯರಿಗೆ ಮೊದಲ ಸಲ 'ಇಲ್ಲದಿದ್ದರೆ ಅಲ್ಲಿ' ಎನ್ನುವ ದಾರಿ ತೆರೆಯಿತು. ದಾರಿ ತೆರೆದ ಮೇಲೆ ಸಂಬಳವೂ ಏರಿತು. ಆದರೆ ಯಾರಿಗೆ ಏರಿತು ನೋಡಿ. ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳು ಕಾಲೇಜಿನಿಂದ ನೇರ ಸೇರುವ ಹುಡುಗನಿಗೆ ಹದಿನೈದು ವರ್ಷದ ಹಿಂದೆ ವರ್ಷಕ್ಕೆ ಮೂರು ಲಕ್ಷದ ಮೇಲೆ ಚಿಲ್ಲರೆ ಕೊಡುತ್ತಿದ್ದವು. ಆಮೇಲೂ ಅಷ್ಟೇ, ಮೂರೂವರೆ ಲಕ್ಷದ ಆಸುಪಾಸು. ಅಷ್ಟು ವರ್ಷದಲ್ಲಿ ಮನೆ ಬಾಡಿಗೆ ಎಷ್ಟಾಯಿತು, ತೊಗರಿಬೇಳೆ ಎಷ್ಟಾಯಿತು? ವಿಟಿಯು ಒಂದರ ಕೆಳಗೇ ಇನ್ನೂರಕ್ಕೂ ಹೆಚ್ಚು ಇಂಜಿನಿಯರಿಂಗ್ ಕಾಲೇಜುಗಳಿವೆ. ಬಾಗಿಲಲ್ಲಿ ಸಾಲು ಉದ್ದ ಇದ್ದಾಗ ಒಳಗಿನವನು ಬೆಲೆ ಏಕೆ ಏರಿಸುತ್ತಾನೆ? ಹೊಸಬನಿಗೆ ಬೆಲೆ ಇಲ್ಲ. ಮೂರು ವರ್ಷ ಕೆಲಸ ಕಲಿತು, ಇಂಥದ್ದು ಬರುತ್ತದೆ ಎಂದು ತೋರಿಸಬಲ್ಲವನಿಗೆ ಬೆಲೆ ಇದೆ.

ಇದಕ್ಕೆ ಕಾಲವೂ ಕೂಡಿ ಬರಬೇಕು. 2021-22ರಲ್ಲಿ ಕೊರೊನಾ ಮುಗಿಯುತ್ತಿದ್ದ ಹಾಗೆ ಕಂಪೆನಿಗಳಿಗೆ ಜನ ಸಾಲದೆ ಹೋದರು. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ತಾನೇ ಪ್ರಕಟಿಸಿದ ಲೆಕ್ಕದ ಪ್ರಕಾರ ಬಿಟ್ಟು ಹೋಗುವವರ ಪ್ರಮಾಣ ಶೇ. 28.4. ನೂರಕ್ಕೆ ಇಪ್ಪತ್ತೆಂಟು! ಆ ವರ್ಷ ಬದಲಿಸಿದವರು ಬಾಯಿಗೆ ಬಂದಷ್ಟು ಕೇಳಿದರು, ಸಿಕ್ಕಿತು. ಮುಂದಿನ ವರ್ಷವೇ ಗಾಳಿ ತಿರುಗಿತು. ಆಫರ್ ಪತ್ರ ಕೈಯಲ್ಲಿ ಹಿಡಿದ ಹೊಸ ಹುಡುಗರು ಒಂದೂವರೆ, ಎರಡು ವರ್ಷ ಮನೆಯಲ್ಲಿ ಕಾದರು. ಮಾವಿನ ಕಾಲದಲ್ಲಿ ಮಾವು ಮಾರಬೇಕು. ನಿಮ್ಮ ಕಸುಬಿಗೆ ಯಾವಾಗ ಸುಗ್ಗಿ ಎಂದು ನೀವೇ ಗಮನಿಸುತ್ತಿರಬೇಕು. ಸೋಂಪುರದ ಹುಡುಗರಿಗೆ ಹೇಳುತ್ತೇನೆ, ನಿಮ್ಮ ಸುಗ್ಗಿ ಸಾಫ್ಟ್‌ವೇರಿನವರ ಸುಗ್ಗಿಯ ಜೊತೆಗೇ ಬರಬೇಕೆಂದಿಲ್ಲ. ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತು. ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಬಂದಿದೆ. ತುಮಕೂರಿನ ವಸಂತನರಸಾಪುರ ಬೆಳೆಯುತ್ತಿದೆ. ಹೊಸ ಕಾರ್ಖಾನೆ ಮಷೀನು ಕೂರಿಸುವ ಹೊತ್ತಿಗೆ ಅವರಿಗೆ ಅನುಭವಸ್ಥರು ಬೇಕೇ ಬೇಕು, ಕಲಿಸುತ್ತಾ ಕೂರಲು ಪುರುಸೊತ್ತು ಇರುವುದಿಲ್ಲ. ಆಗ ಬಾಗಿಲು ತಟ್ಟಿ.

ತಟ್ಟುವ ಮೊದಲು ಬಯೋಡೇಟಾ ಸರಿ ಮಾಡಿಕೊಳ್ಳಿ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಲ್ಲೇ ಒಂದು ಕಾರ್ಖಾನೆಯ ಮೇಂಟೆನೆನ್ಸ್ ಇಂಜಿನಿಯರ್ ಹುಡುಗ. ಅವನ ಕಾಗದದಲ್ಲಿ ಇದ್ದದ್ದು 'ಪಿಎಲ್‌ಸಿ ಮತ್ತು ಮಷೀನುಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದೇನೆ' ಅಂತ. ಇದನ್ನು ಊರಲ್ಲಿರುವ ಎಲ್ಲ ಮೇಂಟೆನೆನ್ಸ್ ಹುಡುಗರೂ ಬರೆಯುತ್ತಾರೆ. ಕೂರಿಸಿಕೊಂಡು ಕೇಳಿದೆ, 'ಅಲ್ಲಯ್ಯಾ, ನೀನು ಹೋಗುವ ಮೊದಲು ಆ ಲೈನು ವಾರಕ್ಕೆ ಎಷ್ಟು ಹೊತ್ತು ನಿಲ್ಲುತ್ತಿತ್ತು?' ಆರು ಗಂಟೆ ಅಂದ. ಈಗ? ಎರಡು ಗಂಟೆಗೂ ಕಡಿಮೆ. ಯಾರು ಮಾಡಿದ್ದು? 'ನಾನೇ ಅಣ್ಣಾ, ಸೆನ್ಸರ್ ಜಾಗ ಬದಲಿಸಿ ಪ್ರೋಗ್ರಾಂ ತಿದ್ದಿದೆ'. ಅಯ್ಯೋ ಪುಣ್ಯಾತ್ಮ! ವಾರಕ್ಕೆ ನಾಲ್ಕು ಗಂಟೆ, ವರ್ಷಕ್ಕೆ ಇನ್ನೂರು ಗಂಟೆ ಲೈನು ಹೆಚ್ಚು ಓಡಿಸಿದ್ದೀಯ, ಅದನ್ನು ಬಿಟ್ಟು ಹವ್ಯಾಸದಲ್ಲಿ ಕ್ರಿಕೆಟ್ ಅಂತ ಬರೆದಿದ್ದೀಯಲ್ಲ! ನೀವು ಮಾಡಿದ ಕೆಲಸದಿಂದ ಎಷ್ಟು ಹೊತ್ತು ಉಳಿಯಿತು, ಎಷ್ಟು ಮಾಲು ರಿಜೆಕ್ಟ್ ಆಗುವುದು ತಪ್ಪಿತು, ಎಷ್ಟು ಕರೆಂಟು ಉಳಿಯಿತು, ಅದು ಅಂಕಿಯಲ್ಲಿ ಇರಲಿ. ಆ ಅಂಕಿಯೇ ನಿಮ್ಮ ಕೊಟೇಶನ್ನಿಗೆ ಆಧಾರ. ಅದನ್ನು ಕೆಲಸ ಬಿಡುವ ವಾರ ಕೂತು ನೆನಪು ಮಾಡಿಕೊಳ್ಳುವುದಲ್ಲ, ಒಂದು ನೋಟ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಬರೆದಿಡಿ. ಕಂಪೆನಿಯ ಡ್ರಾಯಿಂಗು, ಗುಟ್ಟು ಬರೆದುಕೊಂಡು ಹೊರಗೆ ತರಬೇಡಿ, ಅದು ಕಳ್ಳತನ. ನಿಮ್ಮ ಕೆಲಸದ ಲೆಕ್ಕ ನಿಮ್ಮದು.

ಇನ್ನು ಕಲಿಕೆ. ರಾಜಾಜಿನಗರದ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಶುರುವಾದದ್ದು, ನಮ್ಮದೇ ಸರ್ಕಾರದ ಸಂಸ್ಥೆ. ಪೀಣ್ಯದಲ್ಲಿ ಎನ್‌ಟಿಟಿಎಫ್ ಇದೆ. ಅಲ್ಲಿ ಟೂಲ್ ಅಂಡ್ ಡೈ ಕಲಿತ ಡಿಪ್ಲೊಮಾ ಹುಡುಗ ಎಷ್ಟೋ ಸಲ ಬಿ.ಇ. ಹುಡುಗನಿಗಿಂತ ಹೆಚ್ಚು ಎಣಿಸುತ್ತಾನೆ. ಕಾರಣ, ಅವನ ಕೈಗೆ ಬರುವ ಕೆಲಸ ಬೇರೆಯವರಿಗೆ ಬರುವುದಿಲ್ಲ. ಸಿಎನ್‌ಸಿ ಆಪರೇಟರು ಬಟನ್ ಒತ್ತುತ್ತಾನೆ, ಪ್ರೋಗ್ರಾಂ ಬರೆಯುವವನು ಬೇರೆ, ಫಿಕ್ಸ್ಚರ್ ಡಿಸೈನ್ ಮಾಡುವವನು ಇನ್ನೂ ಬೇರೆ. ಒಂದೊಂದು ಮೆಟ್ಟಿಲು ಏರಿ ಆಮೇಲೆ ಕಂಪೆನಿ ಬದಲಿಸಿ. ಅದೇ ಮೆಟ್ಟಿಲಲ್ಲಿ ನಿಂತುಕೊಂಡು ಗೇಟು ಮಾತ್ರ ಬದಲಿಸಿದರೆ ಸಾವಿರ, ಎರಡು ಸಾವಿರ ಹೆಚ್ಚಾಗುತ್ತದೆ, ಆಮೇಲೆ ನಿಂತುಹೋಗುತ್ತದೆ.

ಈಗ ಕೇಳುವ ವಿಷಯಕ್ಕೆ ಬರೋಣ. ಎಚ್‌ಆರ್ ಫೋನು ಮಾಡಿದ ತಕ್ಷಣ ಮೊದಲ ಪ್ರಶ್ನೆ: ಈಗ ಎಷ್ಟು ಸಂಬಳ? ನೀವು ಇಪ್ಪತ್ತೆಂಟು ಸಾವಿರ ಅಂದ ಕೂಡಲೇ ಅವರ ಲೆಕ್ಕ ಇಪ್ಪತ್ತೆಂಟರ ಮೇಲೆ ಕೂರುತ್ತದೆ. ಆ ಕೆಲಸಕ್ಕೆ ಅವರು ನಲವತ್ತೈದು ಸಾವಿರ ಎತ್ತಿಟ್ಟಿದ್ದರೂ ನಿಮಗೆ ಮೂವತ್ತೈದು ಕೊಟ್ಟು 'ನೋಡಿ, ಶೇ. 25 ಜಾಸ್ತಿ' ಅನ್ನುತ್ತಾರೆ. ನೀವೂ ಖುಷಿಯಾಗಿ ಸ್ವೀಟು ಹಂಚುತ್ತೀರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆಯ ಸಂಬಳ ಎಷ್ಟು ಎಂದು ಕೇಳುವುದನ್ನೇ ಕಾನೂನು ನಿಷೇಧಿಸಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಕೇಳುತ್ತಾರೆ. ಸುಳ್ಳು ಹೇಳಬೇಡಿ. ಆದರೆ ಮೊದಲು ನೀವು ಕೇಳಬಹುದಲ್ಲ: 'ಈ ಹುದ್ದೆಗೆ ನೀವು ಇಟ್ಟಿರುವುದು ಎಷ್ಟರಿಂದ ಎಷ್ಟು?' ಇದು ಅಹಂಕಾರದ ಮಾತಲ್ಲ, ವ್ಯಾಪಾರದ ಮಾತು. ಆಮೇಲೆ ನಿಮ್ಮ ಅಂಕಿ ಹೇಳಿ, ಅದರ ಆಧಾರ ಹೇಳಿ, ಸುಮ್ಮನಾಗಿ. ರೇಟು ಹೇಳಿದ ಮೇಲೆ ಸುಮ್ಮನಿರಲು ಬರದವನು ವ್ಯಾಪಾರ ಮಾಡಲಾರ. ನಮ್ಮ ಹುಡುಗರು ಏನು ಮಾಡುತ್ತಾರೆ? 'ನಲವತ್ತೈದು ಸಾರ್' ಎಂದು ಹೇಳಿ, ಎದುರಿಗಿದ್ದವರು ಎರಡು ಕ್ಷಣ ಮಾತಾಡದಿದ್ದರೆ ತಾವೇ 'ನಲವತ್ತಾದರೂ ಪರವಾಗಿಲ್ಲ ಸಾರ್' ಅನ್ನುತ್ತಾರೆ. ಎರಡು ಕ್ಷಣಕ್ಕೆ ಐದು ಸಾವಿರ! ತಿಂಗಳಿಗೆ ಐದು, ವರ್ಷಕ್ಕೆ ಅರವತ್ತು ಸಾವಿರ.

ಪೇಟೆಯ ರೇಟು ತಿಳಿಯುವುದು ಹೇಗೆ? ಒಬ್ಬರನ್ನೊಬ್ಬರು ಕೇಳಿ. ನಮ್ಮಲ್ಲಿ ಒಂದು ಕೆಟ್ಟ ಸಂಕೋಚ ಇದೆ. ಜೊತೆಗೆ ಓದಿದ ಗೆಳೆಯನಿಗೂ ಸಂಬಳ ಹೇಳುವುದಿಲ್ಲ. ಹೆಚ್ಚಿದ್ದರೆ ಕಣ್ಣು ಬೀಳುತ್ತದೆ, ಕಡಿಮೆ ಇದ್ದರೆ ಮಾನ ಹೋಗುತ್ತದೆ. ಬೇರೆ ಕಡೆಯಿಂದ ಬಂದ ಹುಡುಗರನ್ನು ನೋಡಿ, ಒಂದು ಜಾಗ ಖಾಲಿ ಆದರೆ ಸಂಜೆಯೊಳಗೆ ಅವರ ಊರಿನವರಿಗೆಲ್ಲ ಗೊತ್ತಾಗಿರುತ್ತದೆ, ಎಷ್ಟು ಕೊಡುತ್ತಾರೆ ಎನ್ನುವುದೂ ಸೇರಿ. ಅವರನ್ನು ದೂರುವುದಕ್ಕೆ ಹೇಳುತ್ತಿಲ್ಲ. ಊರು ಬಿಟ್ಟು ಬಂದವರು ಒಬ್ಬರಿಗೊಬ್ಬರು ಆಗಬೇಕು, ಆಗುತ್ತಾರೆ. ನಾವು ನಮ್ಮ ಊರಲ್ಲೇ ಇದ್ದೂ ಒಬ್ಬರಿಗೊಬ್ಬರು ಯಾಕೆ ಆಗುವುದಿಲ್ಲ? ಕನ್ನಡದ ಹುಡುಗನೊಬ್ಬ ಒಳಗೆ ಸೇರಿದ ಮೇಲೆ ಹಿಂದೆ ತಿರುಗಿ ಇನ್ನಿಬ್ಬರಿಗೆ ದಾರಿ ತೋರಿಸಿದರೆ ಅವನ ಗಂಟು ಏನು ಹೋಗುತ್ತದೆ?

ಸರೋಜಿನಿ ಮಹಿಷಿ ಅವರ ಸಮಿತಿ ನೇಮಕವಾದದ್ದು 1983ರಲ್ಲಿ, ಅಂತಿಮ ವರದಿ ಕೊಟ್ಟದ್ದು 1986ರಲ್ಲಿ, ಶಿಫಾರಸುಗಳು 58. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಯಲ್ಲಿ ಶೇ. 50, ಉಳಿದ ಹುದ್ದೆಯಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಎರಡೇ ದಿನದಲ್ಲಿ ತಡೆಹಿಡಿಯಿತು. ಅದರ ಹೋರಾಟ ನಡೆಯಲಿ, ನಾನೂ ಬ್ಯಾನರು ಪ್ರಿಂಟು ಮಾಡಿಕೊಡುತ್ತೇನೆ. ಆದರೆ ಯಾವ ಕಾನೂನು ಬಂದರೂ ನಿಮ್ಮನ್ನು ಬಾಗಿಲು ದಾಟಿಸಬಹುದೇ ಹೊರತು ಒಳಗೆ ಕೂತು ನಿಮ್ಮ ಪರವಾಗಿ ಸಂಬಳ ಕೇಳುವುದಿಲ್ಲ.

ಇಂಗ್ಲಿಷಿನ ಭಯ ಇದೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗ ಮಷೀನು ಬಿಚ್ಚಿ ಕೂಡಿಸುತ್ತಾನೆ, ಸಂಬಳದ ಮಾತು ಬಂದಾಗ ನಾಲಗೆ ಒಣಗುತ್ತದೆ. ಎದುರಿಗೆ ಕೂತವರಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿ, ಬಂದರೆ ಕನ್ನಡದಲ್ಲೇ ಮಾತಾಡಿ, ಸೋಂಪುರದಲ್ಲಿ ಬಹಳ ಕಡೆ ಬರುತ್ತದೆ. ಬರದಿದ್ದರೆ? ಸಂಬಳ ಕೇಳಲು ಇಂಗ್ಲಿಷಿನಲ್ಲಿ ಬೇಕಾಗಿರುವುದು ಹತ್ತು ವಾಕ್ಯ. ಬರೆದುಕೊಳ್ಳಿ, ಕನ್ನಡಿ ಮುಂದೆ ಹೇಳಿಕೊಳ್ಳಿ. ಹತ್ತು ವಾಕ್ಯಕ್ಕಾಗಿ ಯಾರೂ ಕೀಳರಿಮೆ ಪಡಬೇಕಾಗಿಲ್ಲ.

ಸಿಟಿಸಿ ಎನ್ನುವ ಮೂರಕ್ಷರದ ಮಾಯೆ ಒಂದಿದೆ. ವರ್ಷಕ್ಕೆ ಆರು ಲಕ್ಷ ಎಂದರೆ ತಿಂಗಳಿಗೆ ಐವತ್ತು ಸಾವಿರ ಅಂದುಕೊಂಡು ಹುಡುಗ ಬೈಕು ಬುಕ್ ಮಾಡುತ್ತಾನೆ. ಲೆಕ್ಕ ಹಾಕೋಣ. ಮೂಲ ವೇತನ ಅರ್ಧ, ಅಂದರೆ 25,000. ಕಂಪೆನಿ ಕಟ್ಟುವ ಪಿಎಫ್ ಶೇ. 12, ಅಂದರೆ 3,000, ಅದು ಸಿಟಿಸಿ ಒಳಗೇ ಸೇರಿದೆ. ಗ್ರಾಚ್ಯುಟಿ ಎಂದು ಸುಮಾರು 1,200, ಅದೂ ಒಳಗೇ. ವಿಮೆಗೆ ಒಂದು 500 ಇಟ್ಟುಕೊಳ್ಳಿ. 'ವೇರಿಯಬಲ್' ಎಂದು ಶೇ. 10, ಅಂದರೆ 5,000, ಅದು ವರ್ಷದ ಕೊನೆಗೆ, ಬಂದರೆ ಬಂತು. ಉಳಿದದ್ದು 40,300. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200. ಕೈಗೆ 37,100. ಐವತ್ತೆಲ್ಲಿ, ಮೂವತ್ತೇಳೆಲ್ಲಿ? ಪಿಎಫ್ ನಿಮ್ಮದೇ ಹಣ, ನಷ್ಟವಲ್ಲ, ಆದರೆ ಬೈಕಿನ ಕಂತಿಗೆ ಬರುವುದಿಲ್ಲ. ಹೀಗಾಗಿ ಎರಡು ಆಫರ್ ಹೋಲಿಸುವಾಗ ಸಿಟಿಸಿ ಪಕ್ಕಕ್ಕಿಟ್ಟು ಕೈಗೆ ಬರುವ ಹಣ ಹೋಲಿಸಿ. ವೇರಿಯಬಲ್ ಹೋದ ವರ್ಷ ಎಷ್ಟು ಜನಕ್ಕೆ, ಎಷ್ಟು ಪಾಲು ಕೊಟ್ಟರು ಎಂದು ಕೇಳಿ. ಷೇರು ಕೊಡುತ್ತೇವೆ ಅಂದರೆ, ಅದು ಎಷ್ಟು ವರ್ಷದಲ್ಲಿ ನಿಮ್ಮದಾಗುತ್ತದೆ ಎಂದು ಕೇಳಿ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿರುತ್ತಾರೆ, ಮೊದಲ ವರ್ಷದೊಳಗೆ ಬಿಟ್ಟರೆ ಏನೂ ಇಲ್ಲ. ತೊಂಬತ್ತರ ದಶಕದಲ್ಲಿ ಇನ್ಫೋಸಿಸ್ ಷೇರು ಪಡೆದ ನೌಕರರು ಶ್ರೀಮಂತರಾದದ್ದು ನಿಜ. ಕಾಗದದಲ್ಲೇ ಉಳಿದ ಷೇರುಗಳ ಕಥೆಯನ್ನು ಯಾರೂ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಊಟ ಮನೆಯದು, ಮಲಗುವುದು ಮನೆಯಲ್ಲಿ, ಸೋಂಪುರಕ್ಕೆ ಹತ್ತು ನಿಮಿಷ. ಇದನ್ನು ಬಿಟ್ಟು ಎಂಟು ಸಾವಿರ ಹೆಚ್ಚಿಗೆ ಎಂದು ವೈಟ್‌ಫೀಲ್ಡಿಗೆ ಹೋದರೆ ಪಿಜಿ ಬಾಡಿಗೆಗೇ ಅದು ಸಾಲುವುದಿಲ್ಲ. 2024ರ ನವೆಂಬರಿನಿಂದ ಮೆಟ್ರೊ ಮಾದಾವರದವರೆಗೆ ಬಂದಿದೆ, ಪೀಣ್ಯ, ಯಶವಂತಪುರದ ಕಡೆ ಹೋಗುವವರಿಗೆ ಅನುಕೂಲ. ಆದರೂ ದಿನಕ್ಕೆ ಮೂರು ಗಂಟೆ ದಾರಿಯಲ್ಲಿ ಕಳೆದರೆ ಅದೂ ಖರ್ಚೇ. ಕೆಲಸ ಕಲಿಯುವುದಕ್ಕೆ ಹೋಗುತ್ತೀರಾದರೆ ಹೋಗಿ. ಬರೀ ಎಂಟು ಸಾವಿರಕ್ಕೆ ಬೇಡ.

ಯಾರ ಹೆಸರಿನಲ್ಲಿ ಸಂಬಳ ಬರುತ್ತದೆ ಎನ್ನುವುದನ್ನು ನೋಡಲೇಬೇಕು. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಏನಾಯಿತು ನೆನಪಿದೆಯಲ್ಲ. ಐಫೋನ್ ತಯಾರಾಗುತ್ತಿದ್ದ ಜಾಗ. ಇಂಜಿನಿಯರಿಂಗ್ ಓದಿದವರಿಗೆ 21,000 ಎಂದು ಹೇಳಿ 16,000 ಕೊಟ್ಟರು, ಆಮೇಲೆ 12,000ಕ್ಕೆ ಇಳಿಸಿದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಅಲ್ಲಿನ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕೊನೆಗೆ ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು, ಆಪಲ್ ತಾತ್ಕಾಲಿಕವಾಗಿ ಹೊಸ ಆರ್ಡರ್ ನಿಲ್ಲಿಸಿತು, 2023ರಲ್ಲಿ ಆ ಕಾರ್ಖಾನೆ ಟಾಟಾ ಪಾಲಾಯಿತು. ಗಲಭೆಯಲ್ಲಿ ಗಾಜು ಒಡೆದದ್ದನ್ನು ನಾನು ಒಪ್ಪುವುದಿಲ್ಲ, ಕೇಸು ಬಿದ್ದದ್ದು ಬಡವರ ಮಕ್ಕಳ ಮೇಲೆ. ನಾನು ಹೇಳುವುದು, ಗೇಟಿನ ಮೇಲೆ ಇರುವ ಹೆಸರು ಬೇರೆ, ನಿಮ್ಮ ಆಫರ್ ಪತ್ರದಲ್ಲಿ ಇರುವ ಹೆಸರು ಬೇರೆ ಇರಬಹುದು. ಪತ್ರದ ಮೇಲಿನ ಹೆಸರನ್ನು ಓದಿ. ಬಾಯಿ ಮಾತಿನ ಸಂಬಳಕ್ಕೆ ಬೆಲೆ ಇಲ್ಲ, ಪತ್ರ ಕೈಗೆ ಬರುವ ತನಕ ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಈಗ ಒಂದು ಮಾತು ಖಾರವಾಗಿ ಹೇಳುತ್ತೇನೆ. ನನ್ನ ಅಂಗಡಿಗೆ ಬಂದು ಮೆಲ್ಲಗೆ ಕೇಳುವವರಿದ್ದಾರೆ. 'ಅಣ್ಣಾ, ಈ ಪೇ ಸ್ಲಿಪ್ಪಿನಲ್ಲಿ 28ನ್ನು 38 ಮಾಡಿಕೊಡಿ, ನಿಮಗೆ ಐದು ನಿಮಿಷದ ಕೆಲಸ'. ನಿಜ, ಐದು ನಿಮಿಷವೂ ಬೇಡ. ನಾನು ಮಾಡುವುದಿಲ್ಲ. ಬೇರೆ ಎಲ್ಲೋ ಮಾಡಿಸಿಕೊಳ್ಳುತ್ತಾರೆ, ಅದು ನನಗೂ ಗೊತ್ತು. ಆದರೆ ಹುಡುಗರೇ, 28 ಇದ್ದದ್ದು 38 ಆಗುವುದು ಕಾಗದದಲ್ಲಿ ಮಾತ್ರ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆಗುವುದಿಲ್ಲ, ಫಾರಂ 16ರಲ್ಲಿ ಆಗುವುದಿಲ್ಲ. 2014ರಿಂದ ಪಿಎಫ್‌ಗೆ ಯುಎಎನ್ ಎಂದು ಒಂದೇ ನಂಬರು ಬಂದಿದೆ, ಯಾವ ಕಂಪೆನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂದು ಅದರಲ್ಲಿ ಬಿದ್ದಿರುತ್ತದೆ. ಸುಳ್ಳು ಅನುಭವ ಪತ್ರವೂ ಅಲ್ಲೇ ಸಿಕ್ಕಿಬೀಳುತ್ತದೆ. ಸೇರಿ ಆರು ತಿಂಗಳಾದ ಮೇಲೂ ತನಿಖೆ ಮಾಡಿಸಿ ತೆಗೆದುಹಾಕುತ್ತಾರೆ. ಆಗ ಹಳೆಯ ಕೆಲಸವೂ ಇಲ್ಲ, ಹೊಸದೂ ಇಲ್ಲ.

ಬಿಡುವಾಗಿನ ಕಾನೂನು ಸ್ವಲ್ಪ ತಿಳಿದಿರಲಿ. ನಾವು ಬಿಟ್ಟು ಎದುರಾಳಿ ಕಂಪೆನಿ ಸೇರಬಾರದು ಎಂದು ಬರೆಸಿಕೊಳ್ಳುತ್ತಾರೆ. 2022ರಲ್ಲಿ ಇನ್ಫೋಸಿಸ್ ಹೀಗೆ ಆರು ತಿಂಗಳ ಷರತ್ತು ಹಾಕಿದಾಗ ಪುಣೆಯ ನೌಕರರ ಸಂಘಟನೆಯೊಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೇ ದೂರು ಕೊಟ್ಟಿತು. 1872ರ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ ಕಸುಬು ಮಾಡದಂತೆ ತಡೆಯುವ ಒಪ್ಪಂದ ಊರ್ಜಿತವಲ್ಲ. ಕೆಲಸ ಬಿಟ್ಟ ಮೇಲೆ ಎಲ್ಲಿ ದುಡಿಯಬೇಕು ಎನ್ನುವುದು ನಿಮ್ಮ ಇಷ್ಟ. ಆದರೆ ಬಾಂಡಿನ ವಿಷಯ ಬೇರೆ. ಇಷ್ಟು ವರ್ಷ ಇರುತ್ತೇನೆ, ಇಲ್ಲದಿದ್ದರೆ ಇಷ್ಟು ಕಟ್ಟುತ್ತೇನೆ ಎಂದು ಸಹಿ ಹಾಕಿದ್ದರೆ ಅದು ಬರೀ ಕಾಗದ ಎಂದು ತಿಳಿಯಬೇಡಿ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟ ಪ್ರಕರಣದಲ್ಲಿ ಎರಡು ಲಕ್ಷದ ಬಾಂಡು ಸರಿ ಎಂದೇ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಸಹಿ ಹಾಕುವ ಮೊದಲು ಓದಿ. ಮೂಲ ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಡಿ, ಮೂಲವನ್ನು ಯಾರ ಬೀರುವಿನಲ್ಲೂ ಇಡಬೇಡಿ.

ಕಂಪೆನಿಗಳು ತಮ್ಮ ತಮ್ಮಲ್ಲೇ ಒಳಒಪ್ಪಂದ ಮಾಡಿಕೊಳ್ಳುವುದೂ ಉಂಟು. ಅಮೆರಿಕದಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ ಕಂಪೆನಿಗಳು ಒಬ್ಬರ ಇಂಜಿನಿಯರನ್ನು ಇನ್ನೊಬ್ಬರು ಸೆಳೆಯಬಾರದು ಎಂದು ಮಾತಾಡಿಕೊಂಡಿದ್ದು ಬಯಲಾಯಿತು. ಸುಮಾರು 64,000 ನೌಕರರ ಪರವಾದ ಮೊಕದ್ದಮೆಯಲ್ಲಿ 2015ರಲ್ಲಿ 41.5 ಕೋಟಿ ಡಾಲರ್ ಕೊಟ್ಟು ಕೈ ತೊಳೆದುಕೊಂಡವು. ಇಂಜಿನಿಯರು ಕೆಲಸ ಬದಲಿಸುತ್ತಾನೆ ಎನ್ನುವ ಭಯ ಅಷ್ಟು ದೊಡ್ಡ ಕಂಪೆನಿಗಳಿಗೇ ಇತ್ತು ಎಂದ ಮೇಲೆ ಆ ಅಸ್ತ್ರದ ಬೆಲೆ ಎಷ್ಟಿರಬೇಕು ಯೋಚಿಸಿ.

ಹಾಗೆಂದು ಆರು ತಿಂಗಳಿಗೊಮ್ಮೆ ಹಾರಬೇಡಿ. ಎರಡು ವರ್ಷದಲ್ಲಿ ಮೂರು ಕಂಪೆನಿ ಬದಲಿಸಿದವನ ಬಯೋಡೇಟಾ ನೋಡಿದರೆ ನನ್ನಂಥ ಸಣ್ಣ ಮಾಲೀಕನೂ ಪಕ್ಕಕ್ಕಿಡುತ್ತಾನೆ. ಒಂದೇ ಕಡೆ ಐದು ವರ್ಷ ತುಂಬಲು ಸ್ವಲ್ಪವೇ ಉಳಿದಿದ್ದರೆ ತುಂಬಿಸಿ ಹೊರಡಿ. ಮೂಲ ವೇತನ 30,000 ಇದ್ದವನಿಗೆ ಐದು ವರ್ಷದ ಗ್ರಾಚ್ಯುಟಿ ಎಂಬತ್ತಾರು ಸಾವಿರದ ಮೇಲೆ ಬರುತ್ತದೆ. ನಿಗದಿತ ಅವಧಿಯ ಕರಾರಿನ ಮೇಲಿರುವವರಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಕೊಟ್ಟಿದ್ದಾರೆ. ಅದೇ ಹೊಸ ಕಾನೂನಿನಲ್ಲಿ ರಾಜೀನಾಮೆ ಕೊಟ್ಟು ಹೊರಬಿದ್ದವರ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದಿದೆ. ನಲವತ್ತೈದು ದಿನ ಕಾಯಿರಿ ಎಂದು ಹೇಳಿದರೆ ಇದನ್ನು ನೆನಪಿಸಿ. ಪಿಎಫ್ ಹಣವನ್ನು ಕೆಲಸ ಬಿಟ್ಟಾಗಲೆಲ್ಲ ಹಿಂತೆಗೆಯಬೇಡಿ, ಹೊಸ ಕಂಪೆನಿಗೆ ವರ್ಗಾಯಿಸಿ. ಒಟ್ಟು ಐದು ವರ್ಷದ ಸೇವೆ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಹತ್ತು ವರ್ಷ ಆಗದಿದ್ದರೆ ಪಿಂಚಣಿಯೂ ಇಲ್ಲ.

ನೋಟಿಸ್ ಅವಧಿ ಪೂರ್ತಿ ಮಾಡಿ ಹೊರಡಿ. ಅರ್ಧಕ್ಕೆ ಫೋನ್ ಸ್ವಿಚ್ ಆಫ್ ಮಾಡಿ ಓಡಿಹೋಗುವುದು ಗಂಡಸುತನವಲ್ಲ. ಬದಲಿಗೆ ಬಂದವನಿಗೆ ಕೆಲಸ ಹೇಳಿಕೊಟ್ಟು ಹೋದವನನ್ನು ಮಾಲೀಕ ಮರೆಯುವುದಿಲ್ಲ. ಪೀಣ್ಯದಿಂದ ತುಮಕೂರಿನವರೆಗೆ ಕಾರ್ಖಾನೆಗಳ ಮ್ಯಾನೇಜರುಗಳು ಒಬ್ಬರಿಗೊಬ್ಬರು ಪರಿಚಯದವರೇ, ಒಂದು ಫೋನಿನಲ್ಲಿ ನಿಮ್ಮ ಜಾತಕ ತೆಗೆಯುತ್ತಾರೆ.

ಇಲ್ಲಿ ಒಂದು ಚೀಟಿ ಬಂದಿದೆ, ಓದುತ್ತೇನೆ. 'ಅಣ್ಣಾ, ಹೊಸ ಕಂಪೆನಿಯ ಆಫರ್ ಒಪ್ಪಿ ರಾಜೀನಾಮೆ ಕೊಟ್ಟೆ. ಈಗ ಹಳೆಯ ಕಂಪೆನಿಯವರು ನಾವೂ ಅಷ್ಟೇ ಕೊಡುತ್ತೇವೆ, ಇರು ಅನ್ನುತ್ತಿದ್ದಾರೆ. ಏನು ಮಾಡಲಿ?' ಒಳ್ಳೆಯ ಪ್ರಶ್ನೆ. ತಮ್ಮಾ, ನಿನ್ನೆ ತನಕ ಇಲ್ಲದ ದುಡ್ಡು ಇವತ್ತು ಎಲ್ಲಿಂದ ಬಂತು ಎಂದು ಕೇಳು. ಸಂಬಳ ಮಾತ್ರ ಸಾಲದೆ ಹೊರಟಿದ್ದೆಯಾದರೆ, ಅದನ್ನು ಬರೆದು ಕೊಡಲಿ, ಹುದ್ದೆಯೂ ಏರಲಿ, ಆಗ ಯೋಚಿಸು. ಮೇಲಿನವರ ಕಾಟಕ್ಕೋ, ಕಲಿಯಲು ಏನೂ ಇಲ್ಲವೆಂದೋ ಹೊರಟಿದ್ದರೆ ದುಡ್ಡು ಬಂದರೂ ಆ ಕಾಟ ಅಲ್ಲೇ ಇರುತ್ತದೆ, ಜೊತೆಗೆ 'ಇವನು ಹೊರಟವನು' ಎನ್ನುವ ಹಣೆಪಟ್ಟಿ ಬೇರೆ. ಹೊಸ ಕಂಪೆನಿಗೆ ಕೊಟ್ಟ ಮಾತು ಹಿಂದೆಗೆದುಕೊಳ್ಳುವುದಾದರೆ ಇವತ್ತೇ ಫೋನು ಮಾಡಿ ಹೇಳು, ಸೇರುವ ದಿನದವರೆಗೆ ಕಾಯಿಸಬೇಡ, ಆ ಜಾಗಕ್ಕೆ ಇನ್ನೊಬ್ಬ ಹುಡುಗ ಕಾಯುತ್ತಿರುತ್ತಾನೆ.

ಇನ್ನೂ ಮೂರು ಚೀಟಿ ಇವೆ. ಕೊಡಿ ಇತ್ತ.